ನೆಂಟನ ವೇಷ

2000ದ ಮೇ ತಿಂಗಳು. ಅಮೆರಿಕದಲ್ಲಿದ್ದ ನನ್ನ ತಮ್ಮನಿಗೆ ಜೊತೆಯ ಕೆಲಸಗಾರರೊಬ್ಬರ ಹೆಸರಿನಿಂದ 'ಐ ಲವ್ ಯೂ' ಎಂಬ ಇ-ಮೇಲ್ ಬಂತು. ಪರಿಚಯದವರಲ್ಲವೇ ಎಂದು ಅದರೊಡನಿದ್ದ ಫೈಲನ್ನು ತೆರೆದ. ನೋಡಲು ಪತ್ರ, ನಿಜಕ್ಕೂ ವೈರಸ್. ಫಿಲಿಪ್ಪೀನ್ಸಿನಿಂದ ಹೊರಟಿದ್ದ ಅದು ಅವನ ವಿಳಾಸಪಟ್ಟಿಯಲ್ಲಿದ್ದವರಿಗೆಲ್ಲ ತನ್ನನ್ನೇ ಕಳಿಸಿಕೊಂಡಿತು. ಕಂಪ್ಯೂಟರಿನಲ್ಲಿದ್ದ ಅಮ್ಮನ ಕೊನೆಯ ಫೋಟೋಗಳನ್ನು ಅಳಿಸಿ ಆ ಜಾಗದಲ್ಲಿ ತಾನು ಕೂತಿತು. ಬೇರೆ ಪ್ರತಿ ಇರಲಿಲ್ಲ. ಫೋನಿನಲ್ಲಿ ಅವನು ಅತ್ತದ್ದು ಇಂದಿಗೂ ನನ್ನ ಕಿವಿಯಲ್ಲಿದೆ.

ಕಳ್ಳ ನೆಂಟನ ವೇಷದಲ್ಲಿ ಬಂದಿದ್ದ. ಅಂದಿನಿಂದ ನನ್ನದೊಂದು ನೇಮ: ಕೇಳದೆ ಬಂದ ಫೈಲನ್ನು, ಕಳಿಸಿದವರು ಒಡಹುಟ್ಟಿದವರೇ ಆದರೂ, ಫೋನ್ ಮಾಡಿ ವಿಚಾರಿಸಿಯೇ ತೆರೆಯುವುದು. ಫೋಟೋಗಳ ಇನ್ನೊಂದು ಪ್ರತಿಯನ್ನು ಬೇರೆ ಕಡೆ ಇಡುವುದು.

"ನನ್ನ ಮೇಲೂ ಅನುಮಾನವೇನಕ್ಕಾ?" ಎಂದು ತಮ್ಮ ನಗುತ್ತಾನೆ.

"ನಿನ್ನ ಮೇಲಲ್ಲವೋ, ನಿನ್ನ ಹೆಸರಿನ ಮೇಲೆ" ಎನ್ನುತ್ತೇನೆ.