ಗೂಢಕಾರ್ಯದ ಹೊಣೆ

ಗುಟ್ಟಾಗಿ ಹೂಡಿದ ಸಾಹಸವೊಂದು ಕೆಟ್ಟು ಜನ ಮಡಿದರೆ, ಅದರ ಲೆಕ್ಕವನ್ನು ಯಾರು ಯಾರಿಗೆ ಒಪ್ಪಿಸತಕ್ಕದ್ದು? ಇದು ದಂಡನಾಯಕರೂ ಮಂತ್ರಿಗಳೂ ಚಿಂತಿಸಬೇಕಾದ ವಿಷಯ. ಹೆಮ್ಮಿಗೆಯಂತಹ ಹೊಳೆದಂಡೆಯ ಊರಿನಲ್ಲಿ ಬತ್ತದ ಗದ್ದೆಯನ್ನು ನೋಡಿಕೊಂಡಿರುವವನಿಗೆ ಇದರ ಗೊಡವೆ ಏಕೆಂದು ವಾಚಕ ಮಹಾಶಯರು ಕೇಳಬಹುದು. ಆದರೆ ನಮ್ಮ ಸೀಮೆಯವರು ಮಾದಪ್ಪನ ಬೆಟ್ಟಕ್ಕೆ ಪರಸೆ ಹೋಗುವುದು ಕೊಳ್ಳೇಗಾಲ, ಹನೂರುಗಳನ್ನು ದಾಟಿ, ಆ ಕಾಡಿನ ಸೀಮೆಯಲ್ಲಿಯೇ. ವೀರಪ್ಪನ್ನನ ಹಾವಳಿಯ ದಿನಗಳಲ್ಲಿ ಆ ಹಾದಿ ಹಿಡಿದಾಗ ನಮ್ಮ ಉಘೇ ಉಘೇ ಎಂಬ ಕೊರಲು ತಾನಾಗಿಯೇ ತಗ್ಗುತ್ತಿದ್ದಿತು.

1991ರ ನವೆಂಬರಿನಲ್ಲಿ ಅರಣ್ಯಾಧಿಕಾರಿ ಪಿ. ಶ್ರೀನಿವಾಸರು, ಅವನು ಶರಣಾಗುವನೆಂಬ ಮಾತನ್ನು ನಂಬಿ ಆಯುಧವಿಲ್ಲದೆ ಕಾಡನ್ನು ಹೊಕ್ಕು ಹತರಾದರು. 1992ರ ಮೇ ತಿಂಗಳಲ್ಲಿ ರಾಮಾಪುರದ ಠಾಣೆಗೆ ಅವನು ದಾಳಿಯಿಟ್ಟು ಐವರು ಪೊಲೀಸರನ್ನು ಕೊಂದನು. ಅದೇ ವರ್ಷ ಆಗಸ್ಟ್ 14ರಂದು, ಮೈಸೂರು ಜಿಲ್ಲೆಯ ಪೊಲೀಸು ಸೂಪರಿಂಟೆಂಡೆಂಟರಾಗಿದ್ದ ಹರಿಕೃಷ್ಣರೂ ಸಬ್ ಇನ್‌ಸ್ಪೆಕ್ಟರ್ ಶಕೀಲ್ ಅಹಮದರೂ ಸುಳಿವುಗಾರನೊಬ್ಬನ ಮಾತನ್ನು ಹಿಡಿದು ಮೀಣ್ಯದ ಕಡೆಗೆ ಗುಟ್ಟಾಗಿ ಹೊರಟರು. ಬಲೆ ಬೀಸಹೋದವರೇ ಬಲೆಯಲ್ಲಿ ಸಿಕ್ಕಿದರು. ಇಬ್ಬರೂ, ಅವರೊಡನಿದ್ದ ಕೆಲವು ಮಂದಿ ಪೊಲೀಸರೂ ಗುಂಡಿಗೆ ಬಲಿಯಾದರು. ಆ ಕಾಡು ಆಗ ನಮ್ಮ ಜಿಲ್ಲೆಗೇ ಸೇರಿದ್ದಿತು. ಚಾಮರಾಜನಗರ ಬೇರೆಯಾದದ್ದು 1997ರಲ್ಲಿ. ಆದುದರಿಂದ ಆ ಸಾವು ನಮಗೆ ದೂರದ ಸುದ್ದಿಯಾಗಿರಲಿಲ್ಲ.

ಹರಿಕೃಷ್ಣರ ಧೈರ್ಯಕ್ಕೆ ತಲೆ ಬಾಗದವರು ಯಾರು? ಮೇಜಿನ ಹಿಂದೆ ಕುಳಿತು ಇತರರನ್ನು ಕಳುಹಿಸದೆ ತಾವೇ ಹೋದರು. ನಾನು ಬಾಲಕನಾಗಿದ್ದಾಗ ಹೊಳೆ ತುಂಬಿ ಬಂದ ದಿನ ನಮ್ಮ ಅಂಬಿಗನು ಹರಿಗೋಲನ್ನು ಬಿಡಲು ಒಪ್ಪುತ್ತಿರಲಿಲ್ಲ. ಊರಿನ ದೊಡ್ಡವರು ಬಲವಂತ ಮಾಡಿದರೆ, “ಹಂಗಾದ್ರೆ ಬುದ್ಧೀ, ತಾವೂ ಹತ್ತಿ” ಎನ್ನುವನು. ಬಲವಂತ ಅಲ್ಲಿಗೇ ನಿಲ್ಲುತ್ತಿದ್ದಿತು. ಅದು ಒಳ್ಳೆಯ ನ್ಯಾಯವೆಂದು ಬಹುಕಾಲ ನಂಬಿದ್ದೆನು. ಈಗಲೂ ಅದರಲ್ಲಿ ಅರ್ಧ ಸತ್ಯವಿದೆ. ಆದರೆ ದೊಡ್ಡವರು ಹತ್ತಿದ ಮಾತ್ರಕ್ಕೆ ಹೊಳೆಯ ಸೆಳವು ತಗ್ಗುವುದೇ? ಹಿಂದೆ ಕುಳಿತ ಕೂಲಿಯಾಳನ್ನು ಒಂದು ಮಾತು ಕೇಳಿದಂತಾಯಿತೇ? ಯೋಜಿಸಿದವನು ಪ್ರಾಣ ಕೊಟ್ಟರೆ ಅವನ ಋಣ ತೀರಬಹುದು. ಯೋಜನೆಯ ಪರೀಕ್ಷೆ ನಡೆದಂತಾಗುವುದಿಲ್ಲ. ಅವನ ಮೇಲಿನವರ ಹೊಣೆಯಂತೂ ತೀರುವುದೇ ಇಲ್ಲ.

ಗುಟ್ಟಿನ ಕಾರ್ಯವನ್ನು ಪರೀಕ್ಷೆಗೆ ಒಡ್ಡಿದರೆ ಗುಟ್ಟು ರಟ್ಟಾಗುವುದಲ್ಲವೇ ಎಂಬುದು ಎಂದಿನ ಆಕ್ಷೇಪ. ಇದಕ್ಕೆ ಉತ್ತರ ಹಳೆಯದು, ಮೈಸೂರಿನಲ್ಲಿಯೇ ದೊರೆತದ್ದು. ಓರಿಯೆಂಟಲ್ ಲೈಬ್ರರಿಯ ಶಾಮಶಾಸ್ತ್ರಿಗಳು 1909ರಲ್ಲಿ ಅಚ್ಚು ಹಾಕಿಸಿದ ಕೌಟಿಲ್ಯನ ಅರ್ಥಶಾಸ್ತ್ರದಲ್ಲಿ, ಮಂತ್ರಾಲೋಚನೆಯನ್ನು ಬಲು ಗೋಪ್ಯವಾಗಿ ಇಡಬೇಕೆಂಬ ವಿಧಿಯಿದೆ. ಅದರ ಬಳಿಯಲ್ಲಿಯೇ, ಒಬ್ಬನೇ ಮಂತ್ರಿಯನ್ನು ನೆಚ್ಚಬಾರದು, ಅವನು ತಡೆಯಿಲ್ಲದೆ ಮನ ಬಂದಂತೆ ನಡೆಯುವನು, ಮೂವರೊಡನೆಯೋ ನಾಲ್ವರೊಡನೆಯೋ ಆಲೋಚಿಸಬೇಕೆಂಬ ವಿಧಿಯೂ ಇದೆ. ಮಂತ್ರದ ಐದು ಅಂಗಗಳಲ್ಲಿ ವಿನಿಪಾತ ಪ್ರತೀಕಾರವೂ ಒಂದು. ಎಂದರೆ, ಕೆಲಸ ಕೆಟ್ಟರೆ ಏನು ಮಾಡಬೇಕೆಂಬುದನ್ನು ಮೊದಲೇ ಯೋಚಿಸಿರತಕ್ಕದ್ದು. ಗುಟ್ಟಿಗೂ ಪರೀಕ್ಷೆಗೂ ಆ ಮುದುಕ ವಿರೋಧವನ್ನೇ ಕಾಣಲಿಲ್ಲ.

ಬಲಶಾಲಿಗಳಾದ ಅಮೆರಿಕದವರು ಇದನ್ನು ಮರೆತು ಕೆಟ್ಟರು. ಇರಾನಿನಲ್ಲಿ ಒತ್ತೆಯಾಳಾಗಿದ್ದ ತಮ್ಮವರನ್ನು ಬಿಡಿಸಿ ತರಲು 1980ರ ಏಪ್ರಿಲ್ 24ರಂದು ಎಂಟು ಹೆಲಿಕಾಪ್ಟರುಗಳನ್ನು ಕಳುಹಿಸಿದರು. ಕೊನೆಗೆ ಐದು ಮಾತ್ರ ಕೆಲಸಕ್ಕೆ ಉಳಿದವು. ಆರಕ್ಕೆ ಕಡಿಮೆಯಾದರೆ ಸಾಲದು. ಹಿಂದಿರುಗುವ ಗಡಿಬಿಡಿಯಲ್ಲಿ ಹೆಲಿಕಾಪ್ಟರೊಂದು ವಿಮಾನಕ್ಕೆ ತಗುಲಿ ಎಂಟು ಮಂದಿ ಸತ್ತರು. ಮರುದಿನ ಬೆಳಿಗ್ಗೆ ಅಧ್ಯಕ್ಷ ಕಾರ್ಟರರು ದೇಶದ ಮುಂದೆ ಬಂದು ಹೊಣೆ ತಮ್ಮದೇ ಎಂದರು. ಅಷ್ಟಕ್ಕೇ ಬಿಡದೆ ಅಡ್ಮಿರಲ್ ಹಾಲೊವೇ ಎಂಬವರ ಮಂಡಲಿ ವಿಚಾರಣೆ ಮಾಡಿತು. ಗುಟ್ಟಿನ ಅತಿರೇಕದಿಂದ ಎಲ್ಲರೂ ಸೇರಿದ ಪೂರ್ಣ ತಾಲೀಮೇ ನಡೆಯಲಿಲ್ಲ, ಹೊರಗಿನ ತಿಳಿದವರು ಯೋಜನೆಯನ್ನು ಪರಿಶೀಲಿಸಲಿಲ್ಲ ಎಂಬುದು ಅದರ ವರದಿಯಲ್ಲಿ ಕಂಡುಬಂದಿತು. ಅಧ್ಯಕ್ಷರ ಮಾತಿಗಿಂತ ಈ ವರದಿಯೇ ನನಗೆ ಹೆಚ್ಚಿನದಾಗಿ ತೋರುತ್ತದೆ. ಹೊಣೆ ನನ್ನದೆಂಬುದು ಒಂದು ವಾಕ್ಯ. ತಪ್ಪು ಎಲ್ಲಿ ಹೊಕ್ಕಿತೆಂದು ಹುಡುಕುವುದು ತಿಂಗಳುಗಳ ಕೆಲಸ.

ನಮ್ಮಲ್ಲಿ ಸೋಲಿಗೆ ಪದಕವೂ ಗೆಲುವಿಗೆ ಬಹುಮಾನವೂ ಬರುತ್ತವೆ. 2004ರ ಅಕ್ಟೋಬರ್ 18ರಂದು ತಮಿಳುನಾಡಿನ ಪಡೆಯವರು ವೀರಪ್ಪನ್ನನನ್ನು ಧರ್ಮಪುರಿಯ ಕಡೆ ಆಂಬುಲೆನ್ಸಿನ ಉಪಾಯದಿಂದ ಹೊರಕ್ಕೆ ಸೆಳೆದು ಕೊಂದರು. ಸಿದ್ಧಿಸಿದ ಕಾರ್ಯದ ಲೆಕ್ಕವನ್ನು ಕೇಳುವವರೇ ಇಲ್ಲ. ಕಾರ್ಯ ಮುಗಿಯುವವರೆಗೆ ಗುಟ್ಟು ಹೋದವರ ಪ್ರಾಣವನ್ನು ಕಾಯುತ್ತದೆ, ಸರಿ. ಮುಗಿದ ಮೇಲೂ ಅದನ್ನು ಬಿಗಿಹಿಡಿದರೆ ಅದು ಕಾಯುವುದು ಯಾರನ್ನು?

ಒಮ್ಮೆ ಮಾತ್ರ ಲೆಕ್ಕ ಕೇಳಿದ್ದುಂಟು. ಎರಡು ರಾಜ್ಯಗಳ ವಿಶೇಷ ಕಾರ್ಯಪಡೆಗಳು ಕಾಡಂಚಿನ ಹಳ್ಳಿಗರನ್ನು ಹಿಡಿದು ಹಿಂಸಿಸಿದವೆಂಬ ದೂರಿನ ಮೇಲೆ, ರಾಷ್ಟ್ರೀಯ ಮಾನವ ಹಕ್ಕುಗಳ ಆಯೋಗವು 1999ರಲ್ಲಿ ನ್ಯಾಯಮೂರ್ತಿ ಎ. ಜೆ. ಸದಾಶಿವರ ಮಂಡಲಿಯನ್ನು ನೇಮಿಸಿತು. ಪೊಲೀಸು ಬರಹದಲ್ಲಿ ಇಲ್ಲದ ಸಂಗತಿಗಳನ್ನು ಹಳ್ಳಿಯ ಗಂಡಸರೂ ಹೆಂಗಸರೂ ಅಲ್ಲಿ ಬಂದು ಹೇಳಿದರು. 2007ರಲ್ಲಿ ಆಯೋಗವು 89 ಮಂದಿಗೆ ಒಟ್ಟು 2 ಕೋಟಿ 80 ಲಕ್ಷ ರೂಪಾಯಿಗಳ ಪರಿಹಾರವನ್ನು ಗೊತ್ತುಮಾಡಿತು. ಕೊಡಬೇಕಾದವರು ಸರ್ಕಾರದವರು, ಎಂದರೆ ಬೊಕ್ಕಸ. ಅದರಲ್ಲಿ ನಮ್ಮ ಗದ್ದೆಯ ಕಂದಾಯವೂ ಸೇರಿದೆ.