ಟಾಕಿಯಲ್ಲಿ ಎಷ್ಟು ನೀರು?

ಪರಸ್ಥಳದಲ್ಲಿರುವ ಮಕ್ಕಳು ಊರಿನಲ್ಲಿರುವ ತಂದೆತಾಯಿಗಳ ಕ್ಷೇಮವನ್ನು ತಿಳಿಯುವುದಕ್ಕೆ ಪ್ರತಿಯೊಂದು ಕಾಲದಲ್ಲಿಯೂ ಒಂದೊಂದು ಸಾಧನವಿದ್ದಿತು. ನಾನು ಹುಮನಾಬಾದನ್ನು ಬಿಟ್ಟು ಓದುವುದಕ್ಕೆಂದು ಬೆಂಗಳೂರಿಗೆ ಬಂದಾಗ ಹದಿನೈದು ದಿನಕ್ಕೊಮ್ಮೆ ತಂದೆಯವರ ಇನ್‌ಲ್ಯಾಂಡ್ ಪತ್ರ ಬರುತ್ತಿತ್ತು. ಅನಂತರ ಎಸ್.ಟಿ.ಡಿ. ಬೂತುಗಳು ಬಂದವು, ರಾತ್ರಿ ದರ ಇಳಿದ ಮೇಲೆ ಸಾಲಿನಲ್ಲಿ ನಿಂತು, ಮೀಟರಿನ ಕೆಂಪು ಅಂಕಿಗಳ ಮೇಲೆ ಒಂದು ಕಣ್ಣಿಟ್ಟು ಮಾತನಾಡುತ್ತಿದ್ದೆವು. ಆಮೇಲೆ ಜೇಬಿನೊಳಗಿನ ಫೋನು ಬಂದಿತು. ಇವೆಲ್ಲ ಆದ ಮೇಲೆ ನಾನು ಕಂಡುಕೊಂಡ ಸಾಧನವೊಂದುಂಟು. ಅದು ನಮ್ಮ ಮನೆಯ ಮಾಳಿಗೆಯ ಮೇಲಿನ ನೀರಿನ ಟಾಕಿ. ವಾಚಕರು ನಗಬಾರದು. ಎರಡು ತಿಂಗಳ ಕಾಲ ನಾನು ನನ್ನ ತಂದೆಯವರ ಯೋಗಕ್ಷೇಮವನ್ನು ಆ ಟಾಕಿಯ ಬಾಯಿಂದಲೇ ಕೇಳಿ ತಿಳಿದುಕೊಂಡೆ.

ನಮ್ಮ ತಂದೆಯವರು ನಿವೃತ್ತ ಶಾಲಾಮಾಸ್ತರರು. ನಿಜಾಮರ ಆಳ್ವಿಕೆಯಲ್ಲಿ ಉರ್ದು ಅಕ್ಷರಗಳಿಂದ ವಿದ್ಯೆ ಆರಂಭಿಸಿ, 1948ರ ತರುವಾಯ ಕನ್ನಡಕ್ಕೆ ತಿರುಗಿದವರು. ಈಗ ಅವರಿಗೆ 84 ವರ್ಷ. ನಮ್ಮ ತಾಯಿ ತೀರಿಕೊಂಡ ಮೇಲೆ ಬೆಂಗಳೂರಿಗೆ ಬನ್ನಿರೆಂದು ಎಷ್ಟು ಕರೆದರೂ ಬರಲಿಲ್ಲ. ಜನವರಿಯ ವೀರಭದ್ರೇಶ್ವರ ಜಾತ್ರೆ, ಮಾಣಿಕನಗರದ ದಾರಿಯಲ್ಲಿ ಸಂಜೆಯ ತಿರುಗಾಟ, ಮನೆಯ ಮುಂದಿನ ಕಟ್ಟೆ, ಇವನ್ನೆಲ್ಲ ಬಿಟ್ಟು ಬಂದು ಮೂರನೆಯ ಮಹಡಿಯಲ್ಲಿ ಕುಳಿತು ಏನು ಮಾಡಲಿ ಎಂಬುದು ಅವರ ಪ್ರಶ್ನೆ. ಅದಕ್ಕೆ ನನ್ನಲ್ಲಿ ಉತ್ತರವಿರಲಿಲ್ಲ.

ಅವರಿಗೊಂದು ಅಭ್ಯಾಸ. ಮುಂಜಾನೆ ಎದ್ದೊಡನೆ ಕಬ್ಬಿಣದ ಏಣಿಯನ್ನು ಹತ್ತಿ, ಟಾಕಿಯ ಮುಚ್ಚಳ ತೆಗೆದು, ನೀರೆಷ್ಟಿದೆ ಎಂದು ಇಣಿಕಿ ನೋಡಬೇಕು. ಕಡಿಮೆಯಿದ್ದರೆ ಇಳಿದು ಬಂದು ಬೋರಿನ ಮೋಟಾರು ಹಾಕಬೇಕು. ತುಂಬಿತೆ ಎಂದು ನೋಡುವುದಕ್ಕೆ ಮತ್ತೆ ಹತ್ತಬೇಕು. ಕಳೆದ ಬೇಸಿಗೆಯಲ್ಲಿ ಒಂದು ದಿನ ಕೆಳಗಿನ ಮೆಟ್ಟಿಲಿನಲ್ಲಿ ಕಾಲು ಜಾರಿತು. ಮೊಣಕಾಲು ತರಚಿದ್ದಲ್ಲದೆ ಹೆಚ್ಚೇನೂ ಆಗಲಿಲ್ಲ. ಆ ಸುದ್ದಿಯನ್ನು ನನಗೆ ಹೇಳಿದವರು ಪಕ್ಕದ ಮನೆಯ ಚಾಚಾ, ತಂದೆಯವರು ಚಕಾರವೆತ್ತಿರಲಿಲ್ಲ.

ನಾನು ಕಂಪ್ಯೂಟರಿನ ಉದ್ಯೋಗದಲ್ಲಿರುವವನು. ಹಾಸನದ ಮುಖ್ಯ ನಿಯಂತ್ರಣ ಕೇಂದ್ರದವರು 1982ರಿಂದಲೂ ಸುಮಾರು 36,000 ಕಿಲೋಮೀಟರು ಎತ್ತರದಲ್ಲಿರುವ ಉಪಗ್ರಹಗಳೊಡನೆ ಮಾತನಾಡಿ, ಹೇಳಿದಂತೆ ಕೇಳಿಸುತ್ತಿದ್ದಾರೆ. ಅಂಥ ನಾಡಿನಲ್ಲಿದ್ದುಕೊಂಡು 600 ಕಿಲೋಮೀಟರಿಗಿಂತ ತುಸು ಹೆಚ್ಚು ದೂರದಲ್ಲಿರುವ ಒಂದು ಟಾಕಿಯನ್ನು ವಿಚಾರಿಸಿಕೊಳ್ಳಲಾರೆನೆ ಎಂಬ ಹಮ್ಮು ಬಂದಿತು. ರಾಸ್ಪ್‌ಬೆರಿ ಪೈ ಎಂಬ ಪುಟ್ಟ ಕಂಪ್ಯೂಟರೊಂದನ್ನು ಕೊಂಡು ಊರಿಗೆ ಹೊರಟೆ.

ಈ ಪೈ ಎಂಬುದು ಅಂಗೈಯಲ್ಲಿ ಅಡಗುವ ಒಂದೇ ಹಲಗೆ. ಇಂಗ್ಲೆಂಡಿನ ಕೇಂಬ್ರಿಡ್ಜಿನಲ್ಲಿ ಎಬೆನ್ ಅಪ್ಟನ್ ಮೊದಲಾದವರು, ಕಂಪ್ಯೂಟರ್ ಶಾಸ್ತ್ರ ಕಲಿಯಲು ಬರುವ ಹುಡುಗರ ಸಂಖ್ಯೆಯೂ ಪೂರ್ವಸಿದ್ಧತೆಯೂ ಕುಗ್ಗುತ್ತಿರುವುದನ್ನು ಕಂಡು, ಮಕ್ಕಳು ಕೈಯಾಡಿಸಿ ಕಲಿಯಲೆಂದು ಇದನ್ನು ರೂಪಿಸಿದರು. 2012ರ ಫೆಬ್ರವರಿ 29ರಂದು ಮಾರಾಟಕ್ಕೆ ಬಂದಾಗ ಅದರ ಬೆಲೆ 35 ಡಾಲರು. ಇದಕ್ಕೆ ಪರದೆಯನ್ನೂ ಕೀಲಿಮಣೆಯನ್ನೂ ಜೋಡಿಸಬಹುದು; ಜೋಡಿಸದೆಯೂ ನಡೆಸಬಹುದು. ಹಾಗೆ ನಡೆಸಿದಾಗ ಅದನ್ನು ಬಲ್ಲವರು 'ತಲೆಯಿಲ್ಲದ ಯಂತ್ರ' ಎನ್ನುತ್ತಾರೆ. ಮತ್ತೊಂದು ಕಂಪ್ಯೂಟರಿನಿಂದ ಜಾಲದ ಮೂಲಕ ಅದರೊಳಗೆ ಪ್ರವೇಶಿಸಿ ಆಜ್ಞೆ ಕೊಡಬೇಕು.

ತಂದೆಯವರು ಹಲಗೆಯನ್ನು ಕನ್ನಡಕದ ಕೆಳಗೆ ಹಿಡಿದು ತಿರುಗಿಸಿ ನೋಡಿದರು.

"ಇದರ ಹೆಸರು ಏನಂದಿ?"

"ಪೈ ಅಂತಾರ್ರಿ ಅಪ್ಪಾ."

"ನಮ್ಮ ಕಾಲಕ್ಕ ಆಣೆಗೆ 12 ಪೈ ಬರ್ತಿದ್ವು. ಇದಕ್ಕ ಎಷ್ಟು ಕೊಟ್ಟಿ?"

ನಾನು ಬೆಲೆಯನ್ನು ಅರ್ಧಕ್ಕೆ ಇಳಿಸಿ ಹೇಳಿದೆ. ಪರದೆಯಿಲ್ಲದೆಯೇ ಇದು ಕೆಲಸ ಮಾಡುವುದೆಂದೂ, ತಲೆಯಿಲ್ಲದ ಯಂತ್ರವೆಂದೂ ವಿವರಿಸಿದಾಗ ಅವರು ನಕ್ಕರು: "ವೀರಭದ್ರನ ಊರಿಗಿ ತಲಿ ಇಲ್ಲದ್ದು ತಂದೀ ಏನಪಾ? ದಕ್ಷಗ ಆಮ್ಯಾಲ ಕುರಿ ತಲಿ ಆದ್ರೂ ಹಚ್ಚಿದ್ರು. ಇದಕ್ಕ ಯಾರ ತಲಿ ಹಚ್ತಿ?"

"ನಂದೇ ಹಚ್ತೀನ್ರಿ, ಬೆಂಗಳೂರಿನಿಂದ," ಎಂದೆ. ಆಗ ಅದು ವಿನೋದವೆನಿಸಿತ್ತು.

ಟಾಕಿಯ ಮುಚ್ಚಳದ ಒಳಬದಿಗೆ ಬಾವಲಿಯಂತೆ ಸದ್ದು ಮಾಡಿ, ಅದು ನೀರಿಗೆ ಬಡಿದು ಹಿಂದಿರುಗುವ ಕಾಲದಿಂದ ದೂರವನ್ನು ಅಳೆಯುವ ಒಂದು ಸಾಧನವನ್ನು ಕೂರಿಸಿದೆ. ಊರಿನ ಎಲೆಕ್ಟ್ರಿಷಿಯನ್ ಮೋಟಾರಿನ ಗುಂಡಿಗೆ ಜೋಡಣೆ ಮಾಡಿಕೊಟ್ಟ. ಪೈಯನ್ನು ದೇವರ ಕೋಣೆಯ ಪಕ್ಕದ ಗೂಡಿನಲ್ಲಿಟ್ಟೆ. ಮನೆಯೊಳಗೆ ಕುಳಿತು ನನ್ನ ಕಂಪ್ಯೂಟರಿನಿಂದ ಮೊದಲ ಬಾರಿ ಅದನ್ನು ಕರೆದಾಗ, ಅದು ತನ್ನ ಗುರುತಿನ ಒಂದು ಉದ್ದನೆಯ ಅಕ್ಷರಮಾಲೆಯನ್ನು ತೋರಿಸಿ, ಇದನ್ನು ನಂಬಿ ಮುಂದುವರಿಯುವಿರೋ ಇಲ್ಲವೋ ಎಂದು ಕೇಳಿತು. ಹೌದೆಂದೆ. ಅಂದಿನಿಂದ ನನ್ನ ಕಂಪ್ಯೂಟರು ಆ ಗುರುತನ್ನು ನೆನಪಿನಲ್ಲಿಟ್ಟುಕೊಂಡಿತು.

ಈ ಮಾತುಕತೆ ನಡೆಯುವುದು ಎಸ್.ಎಸ್.ಎಚ್. ಎಂಬ ಪದ್ಧತಿಯಲ್ಲಿ. ಮೊದಲು ಟೆಲ್ನೆಟ್ ಎಂಬುದಿತ್ತು. ಅದರಲ್ಲಿ ಗುಪ್ತಪದವು ಬಯಲಿನಲ್ಲಿಯೇ ಹೋಗುತ್ತಿದ್ದುದರಿಂದ ನಡುದಾರಿಯಲ್ಲಿ ಹೊಂಚುಹಾಕಿದವನು ಓದಬಹುದಾಗಿತ್ತು. 1995ರಲ್ಲಿ ಫಿನ್‌ಲ್ಯಾಂಡಿನ ಹೆಲ್ಸಿಂಕಿಯ ತಂತ್ರಜ್ಞಾನ ವಿಶ್ವವಿದ್ಯಾಲಯದ ಜಾಲದಲ್ಲಿ ಹಾಗೆಯೇ ಗುಪ್ತಪದಗಳು ಕಳುವಾದವು. ಅಲ್ಲಿನ ತಾತು ಯುಲೋನೆನ್ ಎಂಬವರು ಅದೇ ವರ್ಷ ಮಾತೆಲ್ಲವನ್ನೂ ಗೂಢಲಿಪಿಯಲ್ಲಿ ಸಾಗಿಸುವ ಈ ಪದ್ಧತಿಯನ್ನು ರಚಿಸಿದರು. ಇದರಲ್ಲಿ ಗುಪ್ತಪದಕ್ಕಿಂತಲೂ ಭದ್ರವಾದ ಜೋಡಿ ಕೀಲಿಗಳ ಏರ್ಪಾಡೂ ಉಂಟು. ಒಂದು ನನ್ನ ಬಳಿಯಲ್ಲಿಯೇ ಗುಟ್ಟಾಗಿರುತ್ತದೆ, ಅದರ ಜೊತೆಯದು ಪೈಯಲ್ಲಿರುತ್ತದೆ. ಮೊದಲೆಲ್ಲ ಪ್ರತಿಯೊಂದು ಪೈಗೂ ಒಂದೇ ಹೆಸರು, ಒಂದೇ ಗುಪ್ತಪದವಿತ್ತು. ಊರಿಗೆಲ್ಲ ಒಂದೇ ಬೀಗದ ಕೈ ಇದ್ದ ಹಾಗೆ. 2022ರ ಏಪ್ರಿಲಿನಲ್ಲಿ ಆ ವಾಡಿಕೆಯನ್ನು ಕೈಬಿಟ್ಟರು.

ಬೆಂಗಳೂರಿನಿಂದ ಕರೆಯುವುದಕ್ಕೆ ಮಾತ್ರ ಒಂದು ತೊಡಕಿತ್ತು. ಜಾಲದ ಹಳೆಯ ಏರ್ಪಾಡಿನಲ್ಲಿ ಒಟ್ಟು ಸುಮಾರು 430 ಕೋಟಿ ವಿಳಾಸಗಳಷ್ಟೇ ಇವೆ. ಅವು ಲೋಕಕ್ಕೆ ಸಾಲವು. ಆದ್ದರಿಂದ ಅನೇಕ ಮನೆಗಳಿಗೆ ಒಂದೇ ವಿಳಾಸವನ್ನು ಹಂಚಿರುತ್ತಾರೆ. ಒಂದೇ ಅಗಸೆಬಾಗಿಲಿನ ದೊಡ್ಡ ವಾಡೆಯನ್ನು ನೆನೆಯಿರಿ. ಒಳಗಿನವರು ಬರೆದ ಕಾಗದಕ್ಕೆ ಉತ್ತರ ಅವರ ಕೋಣೆಗೇ ಬರುತ್ತದೆ. ಆದರೆ ಹೊರಗಿನವನು ತಾನಾಗಿ ಬಂದು ಕೂಗಿದರೆ ಯಾರನ್ನು ಕರೆಯುತ್ತಾನೆಂದು ಬಾಗಿಲಿಗೆ ತಿಳಿಯದು. ಇದಕ್ಕೆ ಉಪಾಯವೆಂದರೆ ಒಳಗಿನ ಯಂತ್ರವೇ ಮೊದಲು ಹೊರಗೆ ಕರೆದು, ಆ ದಾರಿಯನ್ನು ತೆರೆದಿಟ್ಟುಕೊಂಡು ಕುಳಿತಿರುವುದು. ನಾನು ಬಾಡಿಗೆಗೆ ಪಡೆದ ನಡುವಿನ ಕಂಪ್ಯೂಟರೊಂದಕ್ಕೆ ಪೈ ತಾನೇ ಕರೆಮಾಡಿ ಕಾಯುತ್ತಿರುತ್ತದೆ. ನಾನು ಅಲ್ಲಿಗೆ ಹೋಗಿ ಅದೇ ದಾರಿಯಿಂದ ಮನೆಯೊಳಗೆ ನುಗ್ಗುತ್ತೇನೆ.

ಇದನ್ನು ತಂದೆಯವರಿಗೆ ತಿಳಿಸಿದಾಗ, "ಅಂದ್ರ ನೀ ಯಾವಾಗ ಬರ್ತಿ ಅಂತ ಅದು ದಿನಾ ಬಾಗಲಾಗ ಕುಂತಿರ್ತದ," ಎಂದರು. ಇಷ್ಟು ಸರಳವಾಗಿ ನಮ್ಮ ಕಚೇರಿಯಲ್ಲಿ ಯಾರೂ ಅದನ್ನು ಹೇಳಿದ್ದಿಲ್ಲ.

ಬೆಂಗಳೂರಿಗೆ ಮರಳಿದ ಮೇಲೆ ಎಲ್ಲವೂ ಚೆನ್ನಾಗಿ ನಡೆಯಿತು. ಕಚೇರಿಯಲ್ಲಿ ಕುಳಿತಲ್ಲಿಂದಲೇ ಟಾಕಿಯನ್ನು ವಿಚಾರಿಸುವೆ; ನೀರು ಇಳಿದಿದ್ದರೆ ಮೋಟಾರು ಹಾಕುವೆ. ಏಣಿ ಹತ್ತುವ ಕೆಲಸ ತಪ್ಪಿತು. ಕ್ರಮೇಣ ಆ ಅಂಕಿಗಳಲ್ಲಿ ನೀರಿಗಿಂತ ಹೆಚ್ಚಿನದು ಕಾಣಿಸತೊಡಗಿತು. ಬೆಳಿಗ್ಗೆ 6 ಗಂಟೆಗೆ ನಾಲ್ಕು ಬೆರಳು ಇಳಿದರೆ ತಂದೆಯವರ ಸ್ನಾನವಾಯಿತು. 10 ಗಂಟೆಯ ಸುಮಾರಿಗೆ ಇಳಿದರೆ ಪಾತ್ರೆ ತಿಕ್ಕುವ ಹೆಂಗಸು ಬಂದಳು. ಸಂಜೆ ತುಸು ಇಳಿದರೆ ತುಳಸಿಗೂ ಮಲ್ಲಿಗೆಗೂ ನೀರು ಬಿದ್ದಿತು. "ಮಾವನವರು ಹೇಗಿದ್ದಾರೆ?" ಎಂದು ಮನೆಯಾಕೆ ಕೇಳಿದರೆ, ಪರದೆಯನ್ನು ನೋಡಿ, "ಚೆನ್ನಾಗಿದ್ದಾರೆ, ಈಗ ತಾನೇ ಸ್ನಾನ ಮಾಡಿದರು," ಎನ್ನುತ್ತಿದ್ದೆ. ರಾತ್ರಿ 9 ಗಂಟೆಗೆ ತಪ್ಪದೆ ಮಾಡುತ್ತಿದ್ದ ಫೋನು ಮೊದಲು ದಿನ ಬಿಟ್ಟು ದಿನವಾಯಿತು, ಅನಂತರ ವಾರಕ್ಕೊಮ್ಮೆಯಾಯಿತು, ಅನಂತರ ಏನಾಯಿತೆಂಬುದು ನನ್ನ ಗಮನಕ್ಕೇ ಬರಲಿಲ್ಲ.

ಒಂದು ಸೋಮವಾರ ಬೆಳಿಗ್ಗೆ ಎಂದಿನಂತೆ ಕರೆದೆ. 'ಸಂಪರ್ಕ ನಿರಾಕರಿಸಲಾಗಿದೆ' ಎಂಬ ಒಂದು ಸಾಲು ಬಂದಿತು. ಪೈ ತೆರೆದಿಟ್ಟಿದ್ದ ದಾರಿ ಮುಚ್ಚಿಹೋಗಿದೆ ಎಂದು ಅದರ ಅರ್ಥ. ಕರೆಂಟು ಹೋಗಿರಬಹುದೆಂದು ಸುಮ್ಮನಾದೆ. ಮಧ್ಯಾಹ್ನವೂ ಅದೇ ಸಾಲು. ತಂದೆಯವರ ಫೋನಿಗೆ ಕರೆಮಾಡಿದೆ. ಗಂಟೆ ಬಾರಿಸಿ ನಿಂತಿತು. 2019ರ ಸೆಪ್ಟೆಂಬರ್ 7ರ ನಸುಕಿನಲ್ಲಿ ಚಂದ್ರನ ಮೇಲಿಳಿಯುತ್ತಿದ್ದ ವಿಕ್ರಮ್ ನೌಕೆಯ ಸಂಪರ್ಕ ಕಡಿದಾಗ ಬೆಂಗಳೂರಿನ ನಿಯಂತ್ರಣ ಕೊಠಡಿಯಲ್ಲಿ ಕವಿದ ಮೌನವನ್ನು ನಾವೆಲ್ಲ ದೂರದರ್ಶನದಲ್ಲಿ ಕಂಡಿದ್ದೇವೆ. ಆ ಮೌನದ ಒಂದು ಚೂರು ಅಂದು ನನ್ನ ಮೇಜಿನ ಮುಂದೆಯೂ ಬಂದು ಕುಳಿತಿತು. ಏಣಿ ಕಣ್ಣಿಗೆ ಕಟ್ಟಿತು. ಪೈ ಕೆಟ್ಟಿರುವುದರಿಂದ ಅವರು ಮತ್ತೆ ಏಣಿ ಹತ್ತಿರಬಹುದಲ್ಲವೆ?

ಚಾಚಾರಿಗೆ ಫೋನು ಮಾಡಿದೆ. ಐದು ನಿಮಿಷದಲ್ಲಿ ಅವರ ಧ್ವನಿ ಬಂದಿತು: "ಮಾಸ್ತರ್ ಸಾಹೇಬ್ರು ಆರಾಮ ಇದ್ದಾರ ಬೇಟಾ. ಕಟ್ಟಿ ಮ್ಯಾಲ ಕುಂತು ಪೇಪರ್ ಓದ್ಲತ್ತಾರ. ಕೊಡ್ಲಿ?"

"ಅಪ್ಪಾ, ಪೆಟ್ಟಿಗಿ ಯಾಕ ಬಂದ್ ಆಗ್ಯಾದ್ರಿ?"

"ನಾನೇ ಪ್ಲಗ್ ಕಿತ್ತೀನಿ."

"ಯಾಕ್ರಿ?"

ಸ್ವಲ್ಪ ಹೊತ್ತು ಮಾತಿರಲಿಲ್ಲ. ಆಮೇಲೆ ತರಗತಿಯಲ್ಲಿ ಹಾಜರಿ ಕೂಗುವ ಧ್ವನಿಯಲ್ಲಿಯೇ ಹೇಳಿದರು: "ಟಾಕಿ ಕೂಡ ದಿನಾ ಮಾತಾಡ್ತಿ. ನನ್ನ ಕೂಡ ಮಾತಾಡಿ 23 ದಿನ ಆತು. ಟಾಕಿ ಸುಮ್ಮಾದ್ರ ನನ್ನ ನೆನಪಾಗ್ತದೇನಂತ ನೋಡ್ದೆ. ಆತು ನೋಡು."

ನಾನು ಉತ್ತರ ಕೊಡಲಿಲ್ಲ. ಕೊಡಬಹುದಾದ ಉತ್ತರಗಳೆಲ್ಲ ಯಂತ್ರಕ್ಕೆ ಸಂಬಂಧಿಸಿದವಾಗಿದ್ದವು.

ಅಂದು ರಾತ್ರಿಯ ಬಸ್ಸಿಗೇ ಹೊರಟೆ. ನೆಪಕ್ಕೆ ಕಾರಣವೂ ಇದ್ದಿತು: ತಂದೆಯವರು ಪ್ಲಗನ್ನು ಮತ್ತೆ ಹಾಕಿದರೂ ಪೈ ಎಚ್ಚರಗೊಳ್ಳಲಿಲ್ಲ. ಅದರ ಸಕಲ ವಿದ್ಯೆಯೂ ಉಗುರಿನಷ್ಟು ಚಿಕ್ಕದೊಂದು ಮೆಮೊರಿ ಕಾರ್ಡಿನಲ್ಲಿರುತ್ತದೆ. ನಿಲ್ಲಿಸುವ ಮುನ್ನ ಆಜ್ಞೆ ಕೊಟ್ಟು ಮಲಗಿಸದೆ, ಬರೆಯುತ್ತಿರುವಾಗಲೇ ವಿದ್ಯುತ್ತನ್ನು ಕಡಿದರೆ ಕಾರ್ಡು ಕೆಡುವುದುಂಟು. ದೂರದಿಂದ ಎಷ್ಟೇ ಬಲ್ಲವನಾದರೂ ಕೆಟ್ಟ ಕಾರ್ಡನ್ನು ಬದಲಿಸುವುದಕ್ಕೆ ಒಂದು ಕೈ ಅಲ್ಲಿಯೇ ಇರಬೇಕು.

ಹೊಸ ಕಾರ್ಡಿನಲ್ಲಿ ಎಲ್ಲವನ್ನೂ ಮೊದಲಿನಿಂದ ಸಿದ್ಧಗೊಳಿಸಿ ಕರೆದಾಗ ನನ್ನ ಕಂಪ್ಯೂಟರು ಹೌಹಾರಿತು. ಕಾರ್ಡು ಬದಲಾದ್ದರಿಂದ ಪೈಯ ಗುರುತೂ ಬದಲಾಗಿತ್ತು. ಪರದೆಯ ತುಂಬ ದಪ್ಪಕ್ಷರಗಳ ಎಚ್ಚರಿಕೆ. ತಂದೆಯವರು ಪಕ್ಕದಲ್ಲಿ ಬಂದು ಕುಳಿತು, ಏನದು ಎಂದರು.

"ಹಿಂದ ಇದ್ದವನೇ ಹೌದೋ, ಬ್ಯಾರೆ ಯಾವನಾರ ಬಂದು ಕುಂತಾನೋ, ಖಾತ್ರಿ ಮಾಡ್ಕೋ ಅಂತದ್ರಿ."

"ಛಲೋ ಅದ. ನೀ ಮುಂಜಾನೆ ಬಾಗಲಾಗ ನಿಂತಾಗ ನಾನೂ ಅದೇ ಖಾತ್ರಿ ಮಾಡ್ಕೊಂಡೆ," ಎಂದು ಚಹಾ ಮಾಡಲು ಎದ್ದುಹೋದರು.

ನಾಲ್ಕು ದಿನ ಇದ್ದೆ. ಈ ಸಾರಿ ಏರ್ಪಾಡನ್ನು ತುಸು ಬದಲಿಸಿದೆ. ಟಾಕಿಯ ಸುದ್ದಿ ಮೊದಲು ಮನೆಯ ಯಜಮಾನರಿಗೆ ತಿಳಿಯಬೇಕು, ಬೆಂಗಳೂರಿನವನಿಗೆ ಅನಂತರ. ಅಂಗಳದ ಗೋಡೆಗೆ ಎರಡು ಪುಟ್ಟ ದೀಪಗಳನ್ನು ಹಾಕಿಸಿದೆ: ತುಂಬಿದ್ದರೆ ಹಸಿರು, ತಳ ಕಂಡರೆ ಕೆಂಪು. ಮೋಟಾರಿನ ಗುಂಡಿ ಮತ್ತೆ ಅವರ ಕೈಗೇ ಬಂದಿತು. ನಾನು ಹೊರಗಿನಿಂದ ಪ್ರವೇಶಿಸುವುದು ಯಂತ್ರಕ್ಕೆ ಏನಾದರೂ ತೊಂದರೆಯಾದಾಗ ಮಾತ್ರ. ಏಣಿಯನ್ನು ಚಾಚಾ ತಮ್ಮ ಮನೆಗೆ ಒಯ್ದರು.

ಈಗ ರಾತ್ರಿ 9 ಗಂಟೆಗೆ ತಪ್ಪದೆ ಫೋನು ಮಾಡುತ್ತೇನೆ. ತಂದೆಯವರು ಹಳೆಯ ಮಾಸ್ತರರಲ್ಲವೆ, ಪರೀಕ್ಷೆ ಮಾಡದೆ ಬಿಡುವುದಿಲ್ಲ. "ಹೇಳು ನೋಡೋಣು, ಟಾಕ್ಯಾಗ ಎಷ್ಟು ನೀರು ಅದ?" ಎನ್ನುತ್ತಾರೆ.

"ಗೊತ್ತಿಲ್ರಿ ಅಪ್ಪಾ, ನೀವೇ ಹೇಳ್ರಿ," ಎನ್ನುತ್ತೇನೆ.

ಅವರು ದೀಪ ನೋಡಿ ಬರಲು ಅಂಗಳಕ್ಕೆ ಹೋಗುತ್ತಾರೆ. ಚಪ್ಪಲಿಯ ಸದ್ದು ದೂರವಾಗಿ, ಮತ್ತೆ ಹತ್ತಿರವಾಗುವವರೆಗೂ ನಾನು ಫೋನನ್ನು ಕಿವಿಗೆ ಹಿಡಿದು ಕಾಯುತ್ತೇನೆ.