ನೀಲಗಿರಿಯ ಗಾಳಿಯೂ ಹಗುರ ಮುಕ್ಕಾಲಿಯೂ

ಮೈಸೂರಿನಿಂದ ಬಂಡೀಪುರ ದಾಟಿ ಬರುವ ಹೆದ್ದಾರಿಯು ತೆಪ್ಪಕಾಡಿನಲ್ಲಿ ಕವಲೊಡೆಯುತ್ತದೆ. ಒಂದು ದಾರಿ ಗೂಡಲೂರನ್ನು ಬಳಸಿ ಉದಕಮಂಡಲವನ್ನು ಸೇರಿದರೆ, ಇನ್ನೊಂದು ಮಸಿನಗುಡಿಯನ್ನು ಹಾದು, ಕಲ್ಹಟ್ಟಿ ಘಾಟಿಯ 36 ತಿರುವುಗಳನ್ನೇರಿ ಅದೇ ಊರನ್ನು ಮುಟ್ಟುತ್ತದೆ. ಛಾಯಾಗ್ರಾಹಕನಿಗೆ ಈ ಒಂದೇ ಜಿಲ್ಲೆಯಲ್ಲಿ ಮೂರು ಬಗೆಯ ನೆಲ, ಮೂರು ಬಗೆಯ ಹವೆ ಎದುರಾಗುತ್ತವೆ. ಟ್ರೈಪಾಡ್ ಎಂಬ ಮುಕ್ಕಾಲಿಯನ್ನು ಕೊಳ್ಳುವವನು ಈ ಮೂರನ್ನೂ ನೆನೆಯುವುದು ಲೇಸು.

19ನೇ ಶತಮಾನದ ಉತ್ತರಾರ್ಧದಲ್ಲಿ ಉದಕಮಂಡಲದಲ್ಲಿ ನೆಲಸಿದ್ದ ಛಾಯಾಗ್ರಾಹಕ ಎ.ಟಿ.ಡಬ್ಲ್ಯು. ಪೆನ್ ಅವರ ಕಾಲದಲ್ಲಿ ಮರದ ಕ್ಯಾಮರಾ, ಗಾಜಿನ ಫಲಕ, ಮರದ ಮುಕ್ಕಾಲಿಗಳನ್ನು ಬೆಟ್ಟಕ್ಕೆ ಹೊರಬೇಕಿತ್ತು. ಆ ಭಾರವೇ ಕ್ಯಾಮರಾವನ್ನು ಅಲುಗದಂತೆ ಹಿಡಿಯುತ್ತಿತ್ತು. ಇಂದಿನ ಕಾರ್ಬನ್ ಫೈಬರ್ ಮುಕ್ಕಾಲಿಯು ಅದೇ ಅಳತೆಯ ಅಲ್ಯೂಮಿನಿಯಂ ಮುಕ್ಕಾಲಿಗಿಂತ ಸಾಮಾನ್ಯವಾಗಿ ಕಾಲುಭಾಗದಷ್ಟು ಹಗುರ. ಕಂಪನವನ್ನು ಬೇಗ ಅಡಗಿಸುತ್ತದೆ. ಇಬ್ಬನಿ ಹೆಪ್ಪುಗಟ್ಟುವ ಮಾಗಿಯ ಮುಂಜಾವಿನಲ್ಲಿ ಲೋಹದಂತೆ ಕೈಯನ್ನು ಕೊರೆಯುವುದಿಲ್ಲ. ಆದರೆ ಬೆಲೆ ಹೆಚ್ಚು. ಬಲವಾದ ಪೆಟ್ಟಿಗೆ ಅಲ್ಯೂಮಿನಿಯಂ ತಗ್ಗಿದರೆ, ಇದು ಸೀಳುತ್ತದೆ.

2,637 ಮೀಟರ್ ಎತ್ತರದ ದೊಡ್ಡಬೆಟ್ಟದಲ್ಲಿ ಗಾಳಿ ಎದ್ದಾಗ ಹಗುರತನವೇ ಕೊರತೆಯಾಗುತ್ತದೆ. ಆಗ ನಡುಗಂಬವನ್ನು ಏರಿಸದೆ, ಅದರ ಕೊಕ್ಕೆಗೆ ಚೀಲವನ್ನು ತೂಗುಬಿಡಬೇಕು. ಚೀಲ ಓಲಾಡದಂತೆ ಅದರ ತಳ ನೆಲವನ್ನು ತಾಕುತ್ತಿರಬೇಕು. ಕೊಕ್ಕೆಯಿಲ್ಲದ ಮುಕ್ಕಾಲಿಗೆ ಈ ಉಪಾಯ ಸುಲಭವಲ್ಲ. ಐದು ಮಡಿಕೆಯ ಕಾಲುಗಳು ಚಿಕ್ಕ ಚೀಲದಲ್ಲಿ ಅಡಗುತ್ತವೆ, ನಿಜ. ಆದರೆ ಕೊನೆಯ ಮಡಿಕೆ ಬೆರಳಿನಷ್ಟು ತೆಳ್ಳಗಾಗಿ ನಡುಗುತ್ತದೆ. ನಾಲ್ಕು ಮಡಿಕೆಯದು ತುಸು ಉದ್ದವಾದರೂ ದೃಢ. ತಯಾರಕರು ನಮೂದಿಸುವ ಭಾರಮಿತಿಗೆ ಎಲ್ಲರೂ ಒಪ್ಪಿದ ಅಳತೆಗೋಲಿಲ್ಲದ ಕಾರಣ, ಕಾಲುಗಳನ್ನು ಪೂರ್ತಿ ಚಾಚಿ, ಮೇಲ್ತುದಿಯನ್ನು ಕೈಯಿಂದ ತಿರುಚಿ ನೋಡುವುದೇ ಹೆಚ್ಚು ನಂಬಿಕೆಯ ಪರೀಕ್ಷೆ.

ಗೂಡಲೂರಿನ ಕಡೆ ನೈಋತ್ಯ ಮಾರುತ ನೇರವಾಗಿ ಅಪ್ಪಳಿಸುತ್ತದೆ. ಚಹಾತೋಟಗಳ ಕೆಸರು ಕಾಲುಗಳ ತಿರುಪುಬಿಗಿಗಳೊಳಗೆ ಸೇರುವುದರಿಂದ, ಉಪಕರಣವಿಲ್ಲದೆ ಬಿಚ್ಚಿ, ತೊಳೆದು, ಒಣಗಿಸಬಲ್ಲ ಮಾದರಿಯೇ ಇಲ್ಲಿಗೆ ತಕ್ಕದ್ದು.

ಮಸಿನಗುಡಿಯ ಸುತ್ತಲಿನದು ಮುದುಮಲೈ ಹುಲಿ ಸಂರಕ್ಷಿತ ಪ್ರದೇಶ. ಕಾಡಿನ ರಸ್ತೆಯಲ್ಲಿ ವಾಹನ ನಿಲ್ಲಿಸುವುದೂ ಇಳಿಯುವುದೂ ನಿಷಿದ್ಧ. ಎಷ್ಟೇ ಬೆಲೆಬಾಳುವ ಮುಕ್ಕಾಲಿಯೂ ಅಲ್ಲಿ ಮಡಿಚಿಯೇ ಇರಬೇಕು. ಸಫಾರಿ ವಾಹನದ ಕಿಟಕಿಯಂಚಿಗೆ ಕಾಳು ತುಂಬಿದ ಸಣ್ಣ ಚೀಲವೊಂದೇ ಸಾಕಾದ ಆಸರೆ. ರಸ್ತೆಯಂಚಿನಲ್ಲಿ ಆನೆ ಕಂಡಿತೆಂದು ಮೂರು ಕಾಲು ಊರಲು ಇಳಿಯುವವನು ತನ್ನ ಜೀವವನ್ನಷ್ಟೇ ಅಲ್ಲ, ಆನೆಯ ನೆಮ್ಮದಿಯನ್ನೂ ಪಣಕ್ಕಿಡುತ್ತಾನೆ. ನೀಲಗಿರಿಯ ಪ್ರವಾಸಿಗೆ ಮುಕ್ಕಾಲಿಯನ್ನು ಆರಿಸುವ ವಿವೇಕದೊಡನೆ, ಅದನ್ನು ಬಿಚ್ಚದಿರುವ ವಿವೇಕವೂ ಇರಬೇಕು.